ಮಾತ್ರೆ ಶುರುವಾದ ಮೊದಲ ತಿಂಗಳು

ಈ ಸಲ ಬಂದ ಪತ್ರಗಳಲ್ಲಿ ಡಿಪ್ರೆಶನ್ ಮಾತ್ರೆಗಳ ಬಗ್ಗೆ ಕೇಳಿದವರೇ ಜಾಸ್ತಿ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕಿಲ್ಲ, ಬಡಾವಣೆ ಮಾತ್ರ ಇದೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಆ ತಾಯಿಯ ಭಯ ಸುಳ್ಳಲ್ಲ, ಅದಕ್ಕೆ.

ಪ್ರಶ್ನೆ: ಡಾಕ್ಟರ್ ಮೇಡಂ, ನನ್ನ ಮಗನಿಗೆ 21 ವರ್ಷ. ಇಂಜಿನಿಯರಿಂಗ್ ಕೊನೇ ವರ್ಷ. ಮೂರು ತಿಂಗಳಿಂದ ಸರಿಯಾಗಿ ಊಟ ಇಲ್ಲ, ನಿದ್ದೆ ಇಲ್ಲ, ಕಾಲೇಜಿಗೂ ಹೋಗುತ್ತಿಲ್ಲ. ಹತ್ತು ದಿನದ ಹಿಂದೆ ಮನೋವೈದ್ಯರು ಎಸ್ಸಿಟಲೋಪ್ರಾಮ್ ಅನ್ನೋ ಮಾತ್ರೆ ಬರೆದುಕೊಟ್ಟರು. ನನ್ನ ನಾದಿನಿ ಮೊಬೈಲಿನಲ್ಲಿ ಓದಿ, ‘ಅತ್ತಿಗೆ, ಈ ಮಾತ್ರೆ ತಗೊಂಡ್ರೆ ಹುಡುಗರಿಗೆ ಸಾಯೋ ಯೋಚನೆ ಬರುತ್ತಂತೆ’ ಅಂದಳು. ನಮ್ಮ ಮನೆಯವರು ಸ್ಟ್ರಿಪ್ ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಎರಡು ದಿನದಿಂದ ಮಾತ್ರೆ ಕೊಟ್ಟಿಲ್ಲ. ನಾನೇನು ಮಾಡಲಿ?
— ಒಬ್ಬ ತಾಯಿ, ರಾಜಾಜಿನಗರ

ಉತ್ತರ: ಅಮ್ಮ, ಪತ್ರದ ಕೊನೆಗೆ ನೀವು ಫೋನ್ ನಂಬರ್ ಬರೆದಿದ್ದು ಒಳ್ಳೆಯದಾಯಿತು. ಇಂಥ ಪತ್ರ ಅಚ್ಚಾಗುವವರೆಗೆ ಕಾಯಬಾರದು. ಪತ್ರ ಕೈಗೆ ಬಂದ ದಿನವೇ ನಿಮ್ಮ ಜೊತೆ ಮಾತಾಡಿದ್ದೇನೆ, ನೀವು ಮಗನ ಡಾಕ್ಟರನ್ನೂ ಕಂಡು ಬಂದಿದ್ದೀರಿ. ಆದರೂ ಇಲ್ಲಿ ಬರೆಯುತ್ತಿದ್ದೇನೆ. ಇನ್ನೆಷ್ಟು ಮನೆಗಳಲ್ಲಿ ಇದೇ ಬೀಗ ಬಿದ್ದಿದೆಯೋ.

ನಿಮ್ಮ ನಾದಿನಿ ಓದಿದ್ದು ಪೂರ್ತಿ ಸುಳ್ಳಲ್ಲ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ದೊಡ್ಡ ಎಚ್ಚರಿಕೆ ಕೊಟ್ಟಿತು. ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದ 24 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಟ್ಟು 4,400ಕ್ಕೂ ಹೆಚ್ಚು ಮಕ್ಕಳು. ಡಿಪ್ರೆಶನ್ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 4 ಮಂದಿಗೆ ಸಾಯುವ ಯೋಚನೆ ಅಥವಾ ಅಂಥ ವರ್ತನೆ ಕಾಣಿಸಿತ್ತು. ಔಷಧವಿಲ್ಲದ ಸುಳ್ಳು ಮಾತ್ರೆ ನುಂಗಿದವರಲ್ಲಿ ನೂರಕ್ಕೆ 2. ಆ ಪ್ರಯೋಗಗಳಲ್ಲಿ ಒಂದು ಮಗುವೂ ಆತ್ಮಹತ್ಯೆಯಿಂದ ಸಾಯಲಿಲ್ಲ. 2007ರಲ್ಲಿ ಈ ಎಚ್ಚರಿಕೆಯನ್ನು 24 ವರ್ಷದವರೆಗೆ ವಿಸ್ತರಿಸಿದರು. ದೊಡ್ಡವರ ಮೇಲೆ ನಡೆದ 372 ಪ್ರಯೋಗಗಳನ್ನೂ ಸೇರಿಸಿ ನೋಡಿದಾಗ ಚಿತ್ರ ಇನ್ನಷ್ಟು ಸ್ಪಷ್ಟವಾಗಿತ್ತು. 25ಕ್ಕಿಂತ ಚಿಕ್ಕವರಲ್ಲಿ ಅಪಾಯ ಸ್ವಲ್ಪ ಜಾಸ್ತಿ. 25 ದಾಟಿದವರಲ್ಲಿ ಜಾಸ್ತಿ ಆಗಿಲ್ಲ. 65 ದಾಟಿದವರಲ್ಲಂತೂ ಕಡಿಮೆಯೇ ಆಗಿದೆ.

ನಿಮ್ಮ ಮಗನಿಗೆ 21. ಎಚ್ಚರಿಕೆ ಅವನ ವಯಸ್ಸಿಗೂ ಸೇರಿದ್ದೇ. ಆದರೆ ಆ ಎಚ್ಚರಿಕೆಯನ್ನು ಪೂರ್ತಿ ಓದಬೇಕು. ಅದು ‘ಕೊಡಬೇಡಿ’ ಅನ್ನುವುದಿಲ್ಲ. ‘ಕೊಟ್ಟು ಸುಮ್ಮನಾಗಬೇಡಿ, ಶುರುವಿನ ವಾರಗಳಲ್ಲಿ ಮತ್ತು ಡೋಸ್ ಬದಲಾದಾಗ ಹತ್ತಿರದಿಂದ ನೋಡಿಕೊಳ್ಳಿ’ ಅನ್ನುತ್ತದೆ. ಚಿಕಿತ್ಸೆ ಸಿಗದ ಡಿಪ್ರೆಶನ್ನೇ ಸಾಯುವ ಯೋಚನೆಯ ದೊಡ್ಡ ಕಾರಣ. ಆ ರೋಗದ ಜೊತೆ ಹುಡುಗನನ್ನು ಒಂಟಿಯಾಗಿ ಬಿಟ್ಟರೆ ಅದು ರಕ್ಷಣೆ ಅಲ್ಲ.

ಇದರ ಬೆಲೆ ನನಗೆ ಗೊತ್ತು. 2003ರ ಮಾತು. ನಾನು ಆಗಷ್ಟೇ ಪ್ರಾಕ್ಟೀಸ್ ಶುರು ಮಾಡಿದ್ದೆ. 19 ವರ್ಷದ ಹುಡುಗಿಗೆ ಇಂಥದೇ ಮಾತ್ರೆ ಬರೆದು, ಒಂದು ತಿಂಗಳು ಬಿಟ್ಟು ಬನ್ನಿ ಅಂದಿದ್ದೆ. ಒಂಬತ್ತನೇ ದಿನ ಸಂಜೆ ಅವಳ ಅಮ್ಮ ಕ್ಲಿನಿಕ್ಕಿಗೆ ಫೋನ್ ಮಾಡಿದರು. ಹೊರಗಡೆ ಬೆಂಚಿನ ತುಂಬಾ ಜನ ಕೂತಿದ್ದರು. ‘ರಾತ್ರಿಯೆಲ್ಲಾ ಹಾಲ್‌ನಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡ್ತಾಳೆ ಮೇಡಂ. ಕೂತ್ಕೋ ಅಂದ್ರೆ ಕೂರೋಕೇ ಆಗಲ್ಲ ಅಂತಾಳೆ. ಕಾಲು ಒಂದೇ ಸಮ ಅಲ್ಲಾಡಿಸ್ತಾಳೆ.’ ಹೊಸ ಮಾತ್ರೆ ಅಲ್ವಾ, ಸರಿ ಹೋಗುತ್ತೆ ಅಂದು ಫೋನ್ ಇಟ್ಟೆ. ಮೂರು ದಿನ ಬಿಟ್ಟು ಅವಳನ್ನು ನೋಡಿದ್ದು ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಾರ್ಡಿನಲ್ಲಿ. ಹುಡುಗಿ ಉಳಿದಳು. ಬೇರೆ ಮಾತ್ರೆಯಲ್ಲಿ, ನಿಧಾನಕ್ಕೆ, ಪೂರ್ತಿ ಗುಣವಾದಳು. ಆದರೆ ಆ ಫೋನ್ ಕರೆ ನನ್ನ ಕಿವಿಯಲ್ಲಿ ಇನ್ನೂ ಇದೆ. ಆ ಅಮ್ಮ ಅಪಾಯದ ಗುರುತನ್ನು ಒಂದೊಂದಾಗಿ ಹೇಳಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ. ಮರುವರ್ಷವೇ ಅಮೆರಿಕದ ಎಚ್ಚರಿಕೆ ಬಂತು. ಅದನ್ನು ಓದುವಾಗ ನನಗೆ ಕಂಡದ್ದು ಗೋಡೆಯಿಂದ ಗೋಡೆಗೆ ಓಡಾಡುತ್ತಿದ್ದ ಆ ಹುಡುಗಿ.

ಅಂದಿನಿಂದ ನನ್ನ ಮೇಜಿನ ಮೇಲೆ ಉದ್ದನೆಯ ಲೆಕ್ಕದ ಪುಸ್ತಕ ಒಂದಿದೆ. ಹೊಸದಾಗಿ ಮಾತ್ರೆ ಶುರುವಾದವರ ಹೆಸರು ಅದರಲ್ಲಿ. ನಾಲ್ಕನೇ ದಿನ ಒಂದು ಫೋನ್, ಹತ್ತನೇ ದಿನ ಒಂದು ಫೋನ್, ಎರಡು ವಾರಕ್ಕೆ ಎದುರಿಗೆ ಭೇಟಿ. ನಿಮ್ಮ ಡಾಕ್ಟರ್ ಫೋನ್ ಮಾಡದಿದ್ದರೆ ನೀವೇ ಮಾಡಿ. ಸಂಕೋಚ ಬೇಡ.

ಮೊದಲ ತಿಂಗಳು ಏನು ನೋಡಬೇಕು ಅಂದರೆ, ಹೊಟ್ಟೆ ತೊಳಸುವುದು, ತಲೆನೋವು, ಬಾಯಿ ಒಣಗುವುದು, ಇವು ಬಂದು ಹೋಗುವಂಥವು. ಕೂತಲ್ಲಿ ಕೂರಲಾಗದ ಚಡಪಡಿಕೆ, ಇದ್ದಕ್ಕಿದ್ದಂತೆ ವಿಪರೀತ ಸಿಟ್ಟು, ಮೊದಲಿಗಿಂತ ಕೆಟ್ಟ ನಿದ್ದೆ, ಸಾವಿನ ಮಾತು, ಇವು ಕಾಯುವಂಥವಲ್ಲ. ಅದೇ ದಿನ ಡಾಕ್ಟರಿಗೆ ಹೇಳಿ. ಇನ್ನೊಂದು ಗುರುತು ತಿರುಗಾಮುರುಗಾ. ಎರಡು ಗಂಟೆ ಮಲಗಿದರೂ ಆಯಾಸ ಇಲ್ಲ, ಮಾತು ನಿಲ್ಲುವುದಿಲ್ಲ, ದುಡ್ಡು ನೀರಿನಂತೆ ಖರ್ಚು. ಅದನ್ನು ‘ಮಾತ್ರೆ ಚೆನ್ನಾಗಿ ಕೆಲಸ ಮಾಡ್ತಿದೆ’ ಅಂದುಕೊಳ್ಳಬೇಡಿ. ಅದು ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಒಮ್ಮೆ ಕುಗ್ಗಿ ಒಮ್ಮೆ ವಿಪರೀತ ಉಬ್ಬುವ ಕಾಯಿಲೆ, ಹೊರಗೆ ಬರುತ್ತಿರುವ ಸೂಚನೆ ಇರಬಹುದು, ಅದಕ್ಕೆ ಔಷಧವೇ ಬೇರೆ. ಮನೆತನದಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ.

ಮೈಗೆ ಚೈತನ್ಯ ಬರುವುದು ಒಂದೊಂದು ಸಲ ಮನಸ್ಸಿನ ನೋವು ಇಳಿಯುವ ಮುಂಚೆ. ಎದ್ದು ಓಡಾಡುತ್ತಾನೆ, ಸ್ನಾನ ಮಾಡುತ್ತಾನೆ. ಮನೆಯವರು ಸಮಾಧಾನಪಟ್ಟು ಗಮನ ಸಡಿಲ ಬಿಡುತ್ತಾರೆ. ಒಳಗಡೆ ನೋವು ಹಾಗೇ ಇರುತ್ತದೆ. ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ಗೊತ್ತಾಗಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಮಾತ್ರೆಯ ಜೊತೆ ಮನುಷ್ಯರೂ ಇರಬೇಕು.

ಬೀಗದ ವಿಷಯಕ್ಕೆ ಬರೋಣ. ನಿಮ್ಮ ಯಜಮಾನರು ಸ್ಟ್ರಿಪ್ಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದು ಸರಿ. ಕೊಡುವುದನ್ನು ನಿಲ್ಲಿಸಿದ್ದು ಮಾತ್ರ ತಪ್ಪು. ಬೀಗ ಹಾಗೇ ಇರಲಿ. ದಿನದ ಮಾತ್ರೆಯನ್ನು ಅವರೇ ತೆಗೆದು, ಊಟ ಆದ ಮೇಲೆ ಮಗನ ಕೈಗೆ ಕೊಡಲಿ. ಅಜ್ಜಿಯ ಬಿಪಿ ಮಾತ್ರೆ, ಹಳೇ ಔಷಧಗಳು, ಎಲ್ಲವೂ ಅದೇ ಬೀರುವಿಗೆ ಹೋಗಲಿ. ಒಂದು ಸಲಕ್ಕೆ ಒಂದು ವಾರದ್ದು ಮಾತ್ರ ತನ್ನಿ.

ಮಗನನ್ನು ನೇರವಾಗಿ ಕೇಳಿ. ‘ಮಗನೇ, ಬದುಕೋದೇ ಬೇಡ ಅನ್ನಿಸ್ತಾ ಇದೆಯಾ? ಸಾಯಬೇಕು ಅಂತ ಯೋಚನೆ ಬರುತ್ತಾ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಅಂತ ಎಲ್ಲ ಅಮ್ಮಂದಿರೂ ಹೆದರುತ್ತಾರೆ. 2005ರಲ್ಲಿ ಪ್ರಕಟವಾದ ನ್ಯೂಯಾರ್ಕ್‌ನ ಒಂದು ಅಧ್ಯಯನ ಇದನ್ನೇ ಪರೀಕ್ಷೆ ಮಾಡಿತು. 2,300ಕ್ಕೂ ಹೆಚ್ಚು ಹೈಸ್ಕೂಲ್ ಮಕ್ಕಳು. ಅರ್ಧ ಮಕ್ಕಳಿಗೆ ಆತ್ಮಹತ್ಯೆಯ ಬಗ್ಗೆ ಪ್ರಶ್ನೆ ಕೇಳಿದರು, ಇನ್ನರ್ಧಕ್ಕೆ ಕೇಳಲಿಲ್ಲ. ಕೇಳಿಸಿಕೊಂಡ ಮಕ್ಕಳಲ್ಲಿ ಸಾಯುವ ಯೋಚನೆ ಜಾಸ್ತಿ ಆಗಲಿಲ್ಲ. ಮೊದಲೇ ಕಷ್ಟದಲ್ಲಿದ್ದ ಮಕ್ಕಳ ಸಂಕಟ ಒಂದಿಷ್ಟು ಕಡಿಮೆಯೇ ಇತ್ತು.

ಕೇಳುವಾಗ ಒಂದು ತಪ್ಪು ಮಾಡಬೇಡಿ. ‘ನನ್ನ ಮೇಲೆ ಆಣೆ ಇಡು, ಏನೂ ಮಾಡ್ಕೊಳ್ಳಲ್ಲ ಅಂತ’ ಅನ್ನಬೇಡಿ. ಆಣೆ ಇಟ್ಟ ಮಗ ಮುಂದಿನ ಸಲ ಆ ಯೋಚನೆ ಬಂದಾಗ ನಿಮಗೆ ಹೇಳುವುದಿಲ್ಲ. ಆಣೆ ಮುರಿದೆ ಅನ್ನೋ ಪಾಪವೂ ಅವನ ತಲೆ ಮೇಲೆ ಕೂರುತ್ತದೆ. ಅದರ ಬದಲು, ‘ಯಾವ ಹೊತ್ತಿನಲ್ಲಾದರೂ ಬಂದು ಎಬ್ಬಿಸು, ಬೈಯಲ್ಲ’ ಅನ್ನಿ. ಹೌದು, ಬರುತ್ತದೆ ಅಂತ ಅವನು ಹೇಳಿದರೆ ಒಬ್ಬನನ್ನೇ ಬಿಡಬೇಡಿ, ಅದೇ ದಿನ ತೋರಿಸಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ಹಗಲೂ ರಾತ್ರಿ ತೆರೆದಿರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, 24 ಗಂಟೆಯೂ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜೀವಕ್ಕೆ ಅಪಾಯ ಆಗಿದ್ದರೆ 108.

ನನ್ನ ಹತ್ತಿರ ಬರುವ ಒಬ್ಬ ಅಮ್ಮ ಅಡುಗೆಮನೆಯ ಗೋಡೆ ಕ್ಯಾಲೆಂಡರ್ ಸುತ್ತಿಕೊಂಡು ಬರುತ್ತಾರೆ. ಪ್ರತಿ ತಾರೀಕಿನ ಚೌಕದಲ್ಲಿ ಮೇಲೆ ಹಾಲಿನ ಲೆಕ್ಕ, 1 ಲೀಟರ್, ಒಂದೂವರೆ. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಮಾತ್ರೆಗೆ ಒಂದು ಚುಕ್ಕೆ, ಪಕ್ಕದಲ್ಲಿ ಮಗಳು ಎಷ್ಟು ಗಂಟೆ ಮಲಗಿದಳು ಅನ್ನೋ ಅಂಕಿ. ನಾಲ್ಕು, ನಾಲ್ಕು, ಮೂರು, ಐದು, ಆರು. ಯುಗಾದಿ ಹಬ್ಬದ ಚೌಕದಲ್ಲಿ ‘ಒಬ್ಬಟ್ಟು ಕೇಳಿ ಹಾಕಿಸಿಕೊಂಡಳು’ ಅಂತ ಬರೆದಿತ್ತು. ಯಾವ ಲ್ಯಾಬ್ ರಿಪೋರ್ಟೂ ನನಗೆ ಇಷ್ಟು ಹೇಳುವುದಿಲ್ಲ. ನೀವೂ ಹಾಗೇ ಬರೆದಿಡಿ ಅಮ್ಮ.

ಪ್ರಶ್ನೆ: ನಾನು ಕ್ಯಾಬ್ ಓಡಿಸುತ್ತೇನೆ, ವಯಸ್ಸು 46. ಡಿಪ್ರೆಶನ್‌ಗೆ ಅಂತ ಏಳು ತಿಂಗಳಿಂದ ಪ್ಯಾರಾಕ್ಸೆಟಿನ್ ತಗೊಳ್ತಿದ್ದೇನೆ. ರಾತ್ರಿಗೆ ಕ್ಲೋನಾಜೆಪಾಮ್ ಕೂಡ. ಈಗ ಚೆನ್ನಾಗಿದ್ದೇನೆ. ಹೋದ ತಿಂಗಳು ಮದ್ದೂರಿನ ಕಡೆ ನಮ್ಮೂರ ಹಬ್ಬಕ್ಕೆ ಹೋದಾಗ ಮಾತ್ರೆ ಖಾಲಿಯಾಯಿತು. ಮೂರನೇ ದಿನಕ್ಕೆ ತಲೆ ಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ‘ಇದು ಚಟ ಹಿಡಿದುಬಿಟ್ಟಿದೆ, ಬಿಟ್ಟುಬಿಡು’ ಅಂತ ಚಿಕ್ಕಪ್ಪ ಅಂದರು. ಬಿಡಬಹುದಾ?
— ಕೆಂಗೇರಿ ಉಪನಗರ

ಉತ್ತರ: ನಿಮಗೆ ಆದದ್ದು ಚಟ ಅಲ್ಲ. ಚಟ ಅಂದರೆ ಇನ್ನೂ ಬೇಕು, ಇನ್ನೂ ಜಾಸ್ತಿ ಬೇಕು ಅಂತ ಮನಸ್ಸು ಎಳೆಯುವುದು. ಪ್ಯಾರಾಕ್ಸೆಟಿನ್ ಹಾಗೆ ಎಳೆಯುವುದಿಲ್ಲ. ಆದರೆ ಅದು ಮೈಯಿಂದ ಬೇಗ ಖಾಲಿಯಾಗುವ ಔಷಧ. ಮಿದುಳು ಅದಕ್ಕೆ ಹೊಂದಿಕೊಂಡಿರುತ್ತದೆ, ಇದ್ದಕ್ಕಿದ್ದಂತೆ ನಿಲ್ಲಿಸಿದರೆ ತಡವರಿಸುತ್ತದೆ. ತಲೆಸುತ್ತು, ಕರೆಂಟ್ ಹೊಡೆದಂತೆ ಆಗುವುದು, ಕೆಟ್ಟ ಕನಸು, ಸಿಡುಕು, ಎಲ್ಲ ಇದರಿಂದಲೇ. ಫ್ಲೂಆಕ್ಸೆಟಿನ್ ಅನ್ನೋ ಇನ್ನೊಂದು ಡಿಪ್ರೆಶನ್ ಮಾತ್ರೆ ನಿಧಾನಕ್ಕೆ ಖಾಲಿಯಾಗುವುದರಿಂದ ಅದರಲ್ಲಿ ಈ ಕಾಟ ಕಡಿಮೆ. ‘ಈ ಮಾತ್ರೆ ಬಿಡುವಾಗ ಏನೂ ಆಗಲ್ಲ’ ಅಂತ ನಮ್ಮ ವೈದ್ಯರು ಬಹಳ ವರ್ಷ ಹೇಳುತ್ತಾ ಬಂದರು. ಅದು ತಪ್ಪು. ರೋಗಿಗಳು ಹೇಳಿದ್ದೇ ನಿಜ ಆಗಿತ್ತು.

ಬಿಡಬಹುದಾ? ಗುಣ ಆದ ಮೇಲೂ ಕಡಿಮೆ ಅಂದರೆ ಆರು ತಿಂಗಳು ಮುಂದುವರಿಸಬೇಕು. ನಿಮ್ಮ ಲೆಕ್ಕ ಮಾತ್ರೆ ಶುರುವಾದ ದಿನದಿಂದ ಇದೆ, ಅದನ್ನು ಚೆನ್ನಾಗಿ ಅನ್ನಿಸಿದ ದಿನದಿಂದ ಇಡಿ. ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಮಾತ್ರೆ ತಗೊಂಡು ಚೆನ್ನಾಗಿದ್ದ 478 ಜನರ ಮೇಲೆ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಮುಂದುವರಿಸಿದವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ 39 ಜನರಿಗೆ ಕಾಯಿಲೆ ಮರುಕಳಿಸಿತು. ಬಿಟ್ಟವರಲ್ಲಿ 56. ಅಂದರೆ ಬಿಟ್ಟೂ ಚೆನ್ನಾಗಿದ್ದವರು ನೂರಕ್ಕೆ 44 ಇದ್ದರು. ನೀವೂ ಅವರಲ್ಲಿ ಒಬ್ಬರಾಗಬಹುದು. ಆದರೆ ಡಾಕ್ಟರ್ ಜೊತೆ ಕೂತು, ವಾರಗಳ ಮೇಲೆ, ಬೇಕಾದರೆ ತಿಂಗಳುಗಳ ಮೇಲೆ ಇಳಿಸಬೇಕು. ಕೊನೆಕೊನೆಗೆ ಇನ್ನೂ ಸಣ್ಣ ಸಣ್ಣದಾಗಿ ಇಳಿಸಬೇಕು. ಮನೆಯಲ್ಲಿ ಮದುವೆ, ಸಾಲ, ಸಾವು ಇರುವ ತಿಂಗಳಲ್ಲಿ ಶುರು ಮಾಡಬೇಡಿ. ಊರಿಗೆ ಹೋಗುವಾಗ ಒಂದು ವಾರದ ಮಾತ್ರೆ ಜಾಸ್ತಿ ಇಟ್ಟುಕೊಳ್ಳಿ, ಚೀಟಿಯ ಫೋಟೋ ಫೋನಿನಲ್ಲಿರಲಿ.

ನನಗೆ ಚಿಂತೆ ಆಗಿರುವುದು ನಿಮ್ಮ ಎರಡನೇ ಮಾತ್ರೆಯ ಬಗ್ಗೆ. ಕ್ಲೋನಾಜೆಪಾಮ್ ನಿಜವಾಗಿಯೂ ಅಭ್ಯಾಸ ಹಿಡಿಸುವಂಥದ್ದು. ಅದು ಸಾಮಾನ್ಯವಾಗಿ ಕೆಲವೇ ವಾರಗಳ ಮಾತ್ರೆ, ನೀವು ಏಳು ತಿಂಗಳಿಂದ ನುಂಗುತ್ತಿದ್ದೀರಿ. ಅದರ ಮಂಪರು ಬೆಳಿಗ್ಗೆಯೂ ಇರುತ್ತದೆ, ನಿಮ್ಮ ಕೈಯಲ್ಲಿ ಸ್ಟೇರಿಂಗ್ ಇರುತ್ತದೆ. ಜೊತೆಗೆ ಕುಡಿತ ಸೇರಿದರೆ ಉಸಿರಿಗೇ ಅಪಾಯ. ಹಾಗಂತ ದಿಢೀರ್ ಅಂತ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಡಾಕ್ಟರ ಹತ್ತಿರ ಮೊದಲು ಇದರ ಮಾತೆತ್ತಿ, ಪ್ಯಾರಾಕ್ಸೆಟಿನ್ ಮಾತು ಆಮೇಲೆ.

ಪ್ರಶ್ನೆ: ಡಿಪ್ರೆಶನ್‌ನಲ್ಲಿ ಮಿದುಳಿನ ಸೆರೊಟೊನಿನ್ ಅನ್ನೋ ರಾಸಾಯನಿಕ ಕಡಿಮೆ ಆಗಿರುತ್ತೆ ಅನ್ನೋದಕ್ಕೆ ಆಧಾರವೇ ಇಲ್ಲ ಅಂತ 2022ರಲ್ಲಿ ಸಂಶೋಧನೆ ಬಂದಿದೆಯಲ್ಲ. ಹಾಗಾದರೆ ಈ ಮಾತ್ರೆಗಳೆಲ್ಲ ಮೋಸ ತಾನೇ? ವಾಕಿಂಗ್, ಯೋಗ ಸಾಕಲ್ವಾ?
— ಸಾಫ್ಟ್‌ವೇರ್ ಉದ್ಯೋಗಿ, ಮಾರತ್‌ಹಳ್ಳಿ

ಉತ್ತರ: ಆ ವಿಮರ್ಶೆ ಬಂದದ್ದು ನಿಜ. ‘ನಿಮ್ಮ ಮಿದುಳಿನಲ್ಲಿ ಒಂದು ರಾಸಾಯನಿಕ ಕಡಿಮೆಯಾಗಿದೆ, ಅದನ್ನು ತುಂಬಿಸುತ್ತೇವೆ’ ಅನ್ನೋ ಕಥೆ ತೀರಾ ಸರಳ. ನಾನೂ ಅದನ್ನು ಹೇಳುವುದು ಬಿಟ್ಟಿದ್ದೇನೆ. ಆದರೆ ಕಥೆ ತಪ್ಪಾದರೆ ಮಾತ್ರೆ ತಪ್ಪಾಗುವುದಿಲ್ಲ. ಕೈ ಮುರಿದಾಗ ಪ್ಲಾಸ್ಟರ್ ಹಾಕುತ್ತೇವೆ, ಮೂಳೆ ಕೂಡುತ್ತದೆ. ಮೈಯಲ್ಲಿ ಪ್ಲಾಸ್ಟರ್ ಕಡಿಮೆ ಇತ್ತು ಅಂತಲ್ಲವಲ್ಲ.

ಈ ಔಷಧಗಳು ಹುಟ್ಟಿದ್ದೂ ಆ ಕಥೆಯಿಂದಲ್ಲ. 1952ರಲ್ಲಿ ನ್ಯೂಯಾರ್ಕ್‌ನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯದ ರೋಗಿಗಳಿಗೆ ಐಪ್ರೊನಿಯಾಜಿಡ್ ಅನ್ನೋ ಔಷಧ ಕೊಟ್ಟು ನೋಡುತ್ತಿದ್ದರು. ಹಾಸಿಗೆ ಹಿಡಿದಿದ್ದವರು ಎದ್ದು, ನಕ್ಕು, ಊಟ ಕೇಳಿದರು. ಮನಸ್ಸಿನ ಮೇಲೆ ಏನೋ ಆಗುತ್ತಿದೆ ಅಂತ ತಿಳಿದದ್ದು ಹಾಗೆ. ಔಷಧ ಮೊದಲು ಬಂತು, ಸೆರೊಟೊನಿನ್ ವಿವರಣೆ ಆಮೇಲೆ ಬಂತು. ಗುಣ ಆಗುತ್ತದಾ ಅನ್ನೋ ಪ್ರಶ್ನೆಗೆ 2018ರಲ್ಲಿ 522 ಪ್ರಯೋಗಗಳನ್ನು ಸೇರಿಸಿ ನೋಡಿದ್ದಾರೆ. ಒಟ್ಟು 1,16,477 ಜನ, 21 ಔಷಧಗಳು. ಇಪ್ಪತ್ತೊಂದೂ ಸುಳ್ಳು ಮಾತ್ರೆಗಿಂತ ಮೇಲು. ಸರಾಸರಿ ನೋಡಿದರೆ ವ್ಯತ್ಯಾಸ ಭಾರಿ ಏನಲ್ಲ, ಒಬ್ಬೊಬ್ಬರಿಗೆ ಒಂದೊಂದು ಥರ. ಇದನ್ನು ಮುಚ್ಚಿಡದೆ ಹೇಳಬೇಕು.

ಮಾತ್ರೆ ಇಲ್ಲದ ದಾರಿಯೂ ಇದೆ. ಸಣ್ಣ ಪ್ರಮಾಣದ ಡಿಪ್ರೆಶನ್ ಆದರೆ ನಾನು ಮೊದಲು ಮಾತ್ರೆ ಬರೆಯುವುದಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಒಂದು ಪ್ರಯೋಗ 2017ರಲ್ಲಿ ಪ್ರಕಟವಾಯಿತು. 495 ಜನ, ಸಣ್ಣ ಕಾಯಿಲೆಯವರಲ್ಲ, ಗಟ್ಟಿ ಡಿಪ್ರೆಶನ್ ಇದ್ದವರೇ. ಡಾಕ್ಟರಲ್ಲದ, ತರಬೇತಿ ಪಡೆದ ಊರಿನವರೇ ಆರರಿಂದ ಎಂಟು ಸಲ ಕೂತು ಮಾತಾಡಿದರು. ಬಿಟ್ಟುಹೋದ ಕೆಲಸಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಿಸಿದರು. ಮೂರು ತಿಂಗಳಿಗೆ ಅವರಲ್ಲಿ ನೂರಕ್ಕೆ 64 ಜನರಿಗೆ ಕಾಯಿಲೆ ಇಳಿದಿತ್ತು, ಮಾಮೂಲಿ ಚಿಕಿತ್ಸೆ ಮಾತ್ರ ಸಿಕ್ಕವರಲ್ಲಿ 39. ವಾಕಿಂಗ್ ಒಳ್ಳೆಯದೇ. ಆದರೆ ಹಾಸಿಗೆಯಿಂದಲೇ ಏಳಲಾಗದವರಿಗೆ ‘ವಾಕಿಂಗ್ ಹೋಗು’ ಅಂದರೆ ಅವರಿಗೆ ಅದು ಬೈಗುಳವಾಗಿ ಕೇಳಿಸುತ್ತದೆ. ಆಗ ಜೊತೆಗೆ ಒಬ್ಬರು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರಬೇಕು.

ಪ್ರಶ್ನೆ: ನಮ್ಮ ಭಾವ ಸಾಲದ ತಾಪತ್ರಯದಲ್ಲಿ ಜೀವ ಕಳೆದುಕೊಳ್ಳಲು ಹೋಗಿದ್ದರು. ದೇವರ ದಯೆ, ಉಳಿದರು. ಆಸ್ಪತ್ರೆಯಿಂದ ಮನೆಗೆ ಬಂದು ಆರು ದಿನ. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿಲ್ಲ. ಪೊಲೀಸರು ಹೇಳಿಕೆ ಬರೆದುಕೊಂಡು ಹೋದರು. ಕೇಸ್ ಆಗುತ್ತಾ ಅಂತ ಅಕ್ಕ ಅಳುತ್ತಾಳೆ. ನಾನೇನು ಮಾಡಬಹುದು?
— ಪೀಣ್ಯ

ಉತ್ತರ: ಅಕ್ಕನಿಗೆ ಈಗಲೇ ಹೇಳಿ, ಹೆದರಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಹೀಗೆ ಮಾಡಿಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು. ಅವರಿಗೆ ಶಿಕ್ಷೆ ಅಲ್ಲ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಗೆ ಯತ್ನಿಸುವುದನ್ನು ಅಪರಾಧ ಅನ್ನುತ್ತಿದ್ದ ಹಳೆಯ 309ನೇ ಸೆಕ್ಷನ್ ಇಲ್ಲ. ಇಂಥ ಸಂದರ್ಭದಲ್ಲಿ ಪೊಲೀಸರು ಹೇಳಿಕೆ ಬರೆದುಕೊಳ್ಳುವುದು ಮಾಮೂಲಿ ಪದ್ಧತಿ.

ಈಗ ನಿಮ್ಮ ಕೆಲಸ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ವಾರಗಳೇ ತುಂಬಾ ಸೂಕ್ಷ್ಮ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಒಂದು ಅಧ್ಯಯನ ಮಾಡಿಸಿತು, ನಮ್ಮ ಚೆನ್ನೈ ಕೂಡ ಅದರಲ್ಲಿತ್ತು. 2008ರಲ್ಲಿ ಪ್ರಕಟವಾಯಿತು. ಸಾಯಲು ಹೋಗಿ ಉಳಿದು ಆಸ್ಪತ್ರೆಗೆ ಬಂದ 1,867 ಜನ. ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆ. ಇನ್ನರ್ಧಕ್ಕೆ ಅದರ ಜೊತೆ ಮನೆಗೆ ಹೋಗುವ ಮುಂಚೆ ಒಂದು ಗಂಟೆ ಮಾತುಕತೆ, ಆಮೇಲೆ ಒಂಬತ್ತು ಸಲ ಫೋನ್ ಅಥವಾ ಭೇಟಿ. ಅಷ್ಟೇ. ಒಂದೂವರೆ ವರ್ಷದ ನಂತರ ನೋಡಿದರೆ ಮೊದಲನೆಯ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ನೂರಕ್ಕೆ 2.2, ಎರಡನೆಯದರಲ್ಲಿ 0.2. ಈ ಅಂಕಿ ಓದಿದಾಗಲೆಲ್ಲ ನನಗೆ ಕಣ್ಣು ತುಂಬಿ ಬರುತ್ತದೆ.

ಅವರನ್ನು ಮನೋವೈದ್ಯರಿಗೆ ತೋರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಭಾವನ ಹತ್ತಿರ ಬುದ್ಧಿವಾದ ಬೇಡ, ‘ಮಕ್ಕಳ ಮುಖ ನೋಡಬಾರದಿತ್ತಾ’ ಅನ್ನೋ ಮಾತಂತೂ ಬೇಡವೇ ಬೇಡ. ‘ಭಾವ, ಅಷ್ಟು ಕಷ್ಟ ಇತ್ತು ಅಂತ ನಮಗೆ ಗೊತ್ತಾಗಲಿಲ್ಲ. ಈಗ ಹೇಗನ್ನಿಸ್ತಿದೆ?’ ಅಂತ ಶುರು ಮಾಡಿ. ಅವರ ಜೊತೆ ಕೂತು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ. ಮನಸ್ಸು ಕೆಡುವ ಮುಂಚೆ ಏನಾಗುತ್ತದೆ, ಆಗ ಏನು ಮಾಡುವುದು, ಯಾರಿಗೆ ಫೋನ್ ಮಾಡುವುದು, ಯಾವ ಆಸ್ಪತ್ರೆ. ನನ್ನ ಒಬ್ಬ ರೋಗಿ ಬರೆದುಕೊಂಡಿದ್ದರು: ‘ಸಂಜೆ 7ಕ್ಕೆ ಜಾಸ್ತಿ. ರೂಮಿನ ಬಾಗಿಲು ಹಾಕಿಕೊಂಡೆ ಅಂದರೆ ಶುರುವಾಯಿತು ಅಂತ. ಮೊದಲು ಕೆಳಗೆ ಹೋಗಿ ಹಾಲು ತರುವುದು. ಆಮೇಲೆ ಚಿಕ್ಕಮ್ಮನಿಗೆ ಫೋನ್. ಆಗದಿದ್ದರೆ 14416.’ ಆ ಹಾಳೆ ಮಡಿಸಿ ಮಡಿಸಿ ಬಟ್ಟೆಯಂತೆ ಮೆತ್ತಗಾಗಿತ್ತು. ಸಾಲದವರ ಪಟ್ಟಿಯನ್ನು ಇನ್ನೊಂದು ದಿನ ಬೇರೆ ಹಾಳೆಯಲ್ಲಿ ಮಾಡಿ. ಮನೆ ಬಾಗಿಲಿಗೆ ಬಂದು ಕೂಗಾಡುವವರ ಜೊತೆ ಇನ್ನು ಮುಂದೆ ನೀವು ಮಾತಾಡಿ, ಭಾವ ಅಲ್ಲ.

ಆ ಅಧ್ಯಯನದಲ್ಲಿ ವಿಚಾರಿಸಿಕೊಂಡದ್ದು 1, 2, 4, 7 ಮತ್ತು 11ನೇ ವಾರ, ಆಮೇಲೆ 4, 6, 12 ಮತ್ತು 18ನೇ ತಿಂಗಳು. ಭಾವ ಮನೆಗೆ ಬಂದ ದಿನದಿಂದ ಎಣಿಸಿ ಇವನ್ನು ನಿಮ್ಮ ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಹಾಕಿ. ಇವು ಕಡಿಮೆ ಅಂದರೆ ಇಷ್ಟು, ನೀವು ಇದಕ್ಕಿಂತ ಜಾಸ್ತಿ ಹೋಗಬಹುದು. ಪೀಣ್ಯದಿಂದ ಅಕ್ಕನ ಮನೆ ದೂರ ಇದ್ದರೆ ಫೋನ್ ಆದರೂ ಸರಿ. ಮೊದಲ ಸಲ ಮಾತ್ರ ಎದುರಿಗೇ ಹೋಗಿ, ಊಟದ ಹೊತ್ತಿಗೆ.